ಲೆಗ್ ಗಾರ್ಡಿಗೆ ಫುಟ್‌ರೆಸ್ಟ್ ಕೂರಿಸಿಕೊಂಡ ಬಗೆ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 400 ಕಿಲೋಮೀಟರ್. ಈ ದಾರಿಯನ್ನು ಬೈಕಿನಲ್ಲೇ ಹೋಗುವುದು ನನಗೆ ರೂಢಿ. ತುಮಕೂರು, ಶಿರಾ ದಾಟುವವರೆಗೆ ಮೈ ದೂರು ಹೇಳುವುದಿಲ್ಲ. ಹಿರಿಯೂರು ಸಮೀಪಿಸುತ್ತಿದ್ದಂತೆ ಮಂಡಿ ಹಿಡಿದುಕೊಳ್ಳಲು ಶುರುವಾಗುತ್ತದೆ, ದಾವಣಗೆರೆಯ ಹೊತ್ತಿಗೆ ಬೈಕಿನಿಂದ ಇಳಿದು ನಾಲ್ಕು ಹೆಜ್ಜೆ ಕುಂಟಬೇಕಾಗುತ್ತದೆ. ನನ್ನದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಆಸನದ ಎತ್ತರ 805 ಮಿ.ಮೀ., ಕೂರುವ ಭಂಗಿ ನೆಟ್ಟಗೆ, ದೂರಲು ಏನೂ ಇಲ್ಲ. ಆದರೆ ಎಷ್ಟೇ ಒಳ್ಳೆಯ ಭಂಗಿಯಾದರೂ ಗಂಟೆಗಟ್ಟಲೆ ಮಂಡಿಯನ್ನು ಒಂದೇ ಕೋನದಲ್ಲಿ ಮಡಚಿಟ್ಟರೆ ನೋಯದೆ ಇರುತ್ತದೆಯೇ? ಅದಕ್ಕೇ ಎಂಜಿನ್ನಿನ ಮುಂದಿರುವ ಕೊಳವೆಯ ಲೆಗ್ ಗಾರ್ಡಿಗೆ, ಕಾಲನ್ನು ಮುಂದಕ್ಕೆ ಚಾಚಿ ಇಡುವ ಹೈವೇ ಫುಟ್‌ರೆಸ್ಟ್ ಹಾಕಿಸುವ ಯೋಚನೆ ಬಂದದ್ದು.

ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇಂಥವು ರಾಶಿ ರಾಶಿ ಸಿಗುತ್ತವೆ, ಹೊಳಪಿಗೆ ಮರುಳಾಗದಿದ್ದರೆ ಆಯಿತು. ಮೊದಲು ನೋಡಬೇಕಾದದ್ದು ಫುಟ್‌ರೆಸ್ಟನ್ನಲ್ಲ, ಅದನ್ನು ಹಿಡಿದುಕೊಳ್ಳುವ ಕ್ಲಾಂಪನ್ನು. ಲೆಗ್ ಗಾರ್ಡಿನ ಕೊಳವೆ ಒಂದೊಂದರಲ್ಲಿ ಒಂದೊಂದು ದಪ್ಪ; 22, 25, 28, 32 ಮಿ.ಮೀ. ಹೀಗೆ. ದಪ್ಪ ಅಳೆಯುವ ವರ್ನಿಯರ್ ಇಲ್ಲದವರು ಕೊಳವೆಗೆ ದಾರ ಸುತ್ತಿ, ಸುತ್ತಳತೆಯನ್ನು 3.14ರಿಂದ ಭಾಗಿಸಿಕೊಳ್ಳಬಹುದು. ನನ್ನದು 88 ಮಿ.ಮೀ. ಬಂತು, ಅಂದರೆ 28ರ ಕೊಳವೆ. ಅಂಗಡಿಯವರು 32ರ ಕ್ಲಾಂಪ್ ಕೊಟ್ಟು ‘ಒಳಗೆ ರಬ್ಬರ್ ಸುತ್ತಿ ಸಾರ್’ ಎಂದರೆ ಒಪ್ಪಬೇಡಿ. ತೆಳ್ಳನೆಯ ಒಂದು ಸುತ್ತು ರಬ್ಬರ್ ಹಿಡಿತಕ್ಕೆ ಒಳ್ಳೆಯದೇ. ದಪ್ಪ ರಬ್ಬರ್ ಮಾತ್ರ ಕಾಲಿನ ಭಾರಕ್ಕೆ ದಿನೇ ದಿನೇ ಅದುಮಿಕೊಂಡು, ಒಂದು ದಿನ ಕ್ಲಾಂಪ್ ತಿರುಗಿ ಕಾಲು ಕೆಳಗೆ ಜಾರುತ್ತದೆ.

ನಮ್ಮ ಮೆಕ್ಯಾನಿಕ್‌ಗೆ ಈ ಕ್ಲಾಂಪಿನ ಸಹವಾಸವೇ ಬೇಕಿರಲಿಲ್ಲ. ‘ಎರಡು ಕಡೆ ವೆಲ್ಡಿಂಗ್ ಹೊಡೆದರೆ ಜನ್ಮದಲ್ಲಿ ಅಲ್ಲಾಡುವುದಿಲ್ಲ ಸಾರ್’ ಎಂದರು. ಅಲ್ಲಾಡದೆ ಇರುವುದೇ ನನ್ನ ಭಯ. ಬೈಕ್ ಮಗುಚಿದರೆ ಕ್ಲಾಂಪ್ ಜಾರಿ ಪೆಟ್ಟನ್ನು ಕಡಿಮೆ ಮಾಡುತ್ತದೆ. ವೆಲ್ಡಿಂಗ್ ಮಾಡಿದ್ದು ಆ ಪೆಟ್ಟನ್ನೆಲ್ಲ ಗಾರ್ಡಿಗೂ, ಗಾರ್ಡಿನ ಮೂಲಕ ಚಾಸಿಗೂ ದಾಟಿಸುತ್ತದೆ. ವೆಲ್ಡಿಂಗ್ ಕಾವಿಗೆ ಕ್ರೋಮ್ ಸುಟ್ಟು ಆ ಜಾಗದಲ್ಲಿ ತುಕ್ಕು ಹಿಡಿಯುವುದು ಬೇರೆ. ಹಾಗಾಗಿ ಕ್ಲಾಂಪೇ ಇರಲಿ ಎಂದು ಪಟ್ಟು ಹಿಡಿದೆ. ಫುಟ್‌ರೆಸ್ಟ್ ಕೂಡ ಮಡಚುವಂಥದ್ದೇ ಆಗಬೇಕು, ಅದೂ ಮೇಲಕ್ಕೆ ಮತ್ತು ಹಿಂದಕ್ಕೆ. ಎದುರಿಗೆ ಕಲ್ಲೋ ಕಟ್ಟೆಯೋ ತಗುಲಿದಾಗ ಅದು ತಾನಾಗಿ ಮಡಚಿಕೊಳ್ಳಬೇಕು.

ಇಡೀ ಕೆಲಸದಲ್ಲಿ ಹೆಚ್ಚು ಸಮಯ ತಿಂದದ್ದು ಜಾಗ ಗುರುತಿಸುವುದು. ಬೈಕನ್ನು ಮೇನ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪ್ರಯಾಣಕ್ಕೆ ಹಾಕಿಕೊಳ್ಳುವ ಬೂಟನ್ನೇ ಹಾಕಿಕೊಂಡು ಕುಳಿತೆ. ಕಣ್ಣು ಮುಚ್ಚಿ, ಕಾಲನ್ನು ಮುಂದಕ್ಕೆ ಚಾಚಿ, ತೊಡೆ ಬಿಗಿಯದಂತೆ ಸಡಿಲ ಬಿಟ್ಟಾಗ ಪಾದ ಎಲ್ಲಿ ನಿಲ್ಲುತ್ತದೋ ಅಲ್ಲಿ ನನ್ನ ತಮ್ಮ ಕೊಳವೆಗೆ ಟೇಪ್ ಅಂಟಿಸಿದ. ಕಣ್ಣು ಬಿಟ್ಟುಕೊಂಡು ಕುಳಿತರೆ ಎಲ್ಲರೂ ಕಾಲನ್ನು ಬೇಕಾದ್ದಕ್ಕಿಂತ ಮೇಲೆ, ದೂರಕ್ಕೆ ಇಡುತ್ತಾರೆ. ಫೋಟೋದಲ್ಲಿ ಅದು ಗತ್ತಾಗಿ ಕಾಣುತ್ತದೆ. ಮಂಡಿ ಪೂರ್ತಿ ನೀಳವಾಗಬಾರದು, ಸ್ವಲ್ಪ ಬಾಗಿಯೇ ಇರಬೇಕು. ಪೂರ್ತಿ ಚಾಚಿದರೆ ಮೈಭಾರವೆಲ್ಲ ಬಾಲಮೂಳೆಯ ಮೇಲೆ ಬಿದ್ದು, ಮಂಡಿ ನೋವು ಹೋಗಿ ಸೊಂಟ ನೋವು ಬರುತ್ತದೆ. ಫುಟ್‌ರೆಸ್ಟ್ ಕೂರಬೇಕಾದದ್ದು ಹಿಮ್ಮಡಿಗೆ ಸ್ವಲ್ಪ ಮುಂದೆ, ಬೂಟಿನ ಹೀಲಿನ ಅಂಚು ಸಿಕ್ಕಿಕೊಳ್ಳುವ ಕಡೆ. ಆಗ ಗಾಳಿಯ ಒತ್ತಡಕ್ಕೆ ಕಾಲು ಜಾರುವುದಿಲ್ಲ.

ಬಲಗಡೆಯದನ್ನು ಎಡಗಡೆಯದಕ್ಕಿಂತ ಒಂದಂಗುಲ ಹೊರಕ್ಕೆ ಸರಿಸಿದೆ. ಕ್ಲಾಸಿಕ್‌ನ ಸೈಲೆನ್ಸರ್ ಕೊಳವೆ ಎಂಜಿನ್ನಿನ ಮುಂದಿನಿಂದ ಬಲಕ್ಕೆ ಇಳಿಯುತ್ತದೆ, ಕಾಲು ಒಳಕ್ಕಿದ್ದರೆ ಪ್ಯಾಂಟಿನ ಅಂಚು ಅದಕ್ಕೆ ತಾಗುತ್ತದೆ. ಬೋಲ್ಟ್ ಬಿಗಿಯುವ ಮೊದಲು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆ, ಬ್ರೇಕ್ ಪೆಡಲಿಗೂ ಗೇರಿಗೂ ಕಾಲು ಅಡ್ಡಿಯಿಲ್ಲದೆ ಹೋಗಿಬರುತ್ತದೆಯೇ ಎಂದೂ ನೋಡಿದೆ.

ಬಿಗಿಯುವಾಗ ಕ್ಲಾಂಪಿನ ಎರಡು ತುಟಿಗಳ ನಡುವೆ ಒಂದೆರಡು ಮಿಲಿಮೀಟರ್ ಸಂದು ಉಳಿದಿರಬೇಕು. ತುಟಿಗಳು ಕೂಡಿಕೊಂಡರೆ ಬೋಲ್ಟ್ ಬಿಗಿಯಾಗಿದೆ, ಕೊಳವೆ ಮಾತ್ರ ಸಡಿಲವಾಗಿಯೇ ಇದೆ ಎಂದರ್ಥ. ಜೊತೆಗೆ ಬಂದಿದ್ದ ನಟ್ಟುಗಳನ್ನು ಬದಿಗಿಟ್ಟು, ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟುಗಳನ್ನು ಹಾಕಿದೆ. ಈಗಿನ 350ರ ಎಂಜಿನ್ನಿನಲ್ಲಿ ಬ್ಯಾಲೆನ್ಸರ್ ಶಾಫ್ಟ್ ಇರುವುದರಿಂದ ಹಳೆಯ ಬುಲೆಟ್ಟಿನಷ್ಟು ನಡುಕ ಇಲ್ಲ. ಆದರೂ ಒಂಟಿ ಸಿಲಿಂಡರ್, ನಂಬಿ ಕೂರುವಂತಿಲ್ಲ.

ಇನ್ನು ಬಳಕೆಯ ವಿಷಯ. ಮುಂದಕ್ಕೆ ಚಾಚಿದ ಕಾಲಿಗೆ ಬ್ರೇಕೂ ಸಿಗುವುದಿಲ್ಲ, ಗೇರೂ ಸಿಗುವುದಿಲ್ಲ. 80 ಕಿ.ಮೀ. ವೇಗದಲ್ಲಿ ಬೈಕ್ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಾಲನ್ನು ಪೆಡಲಿಗೆ ಮರಳಿಸಲು ಅರ್ಧ ಸೆಕೆಂಡ್ ಹಿಡಿದರೂ ಹನ್ನೊಂದು ಮೀಟರ್ ಕೈಬಿಟ್ಟ ಹಾಗೆ. ಆದ್ದರಿಂದ ನಾನು ಒಮ್ಮೆಗೆ ಒಂದೇ ಕಾಲನ್ನು ಚಾಚುತ್ತೇನೆ, ಹೆಚ್ಚಾಗಿ ಎಡಗಾಲನ್ನು. ಬಲಗಾಲಿನ ಸರದಿ ಬರುವುದು ಮುಂದೆ ರಸ್ತೆ ಖಾಲಿ ಇದ್ದಾಗ ಮಾತ್ರ, ಅದೂ ಮಂಡಿ ಸಡಿಲವಾಗುವವರೆಗೆ. ಎರಡೂ ಕಾಲು ಚಾಚಿ ಕುಳಿತವರು ಹಂಪಿನ ಪೆಟ್ಟನ್ನು ನೇರ ಬೆನ್ನೆಲುಬಿಗೆ ತೆಗೆದುಕೊಳ್ಳುತ್ತಾರೆ, ಏಕೆಂದರೆ ಕಾಲೂರಿ ಆಸನದಿಂದ ಮೈ ಎತ್ತಲು ಆಗುವುದಿಲ್ಲ. ಗಾಳಿಯೂ ಎದೆಗೆ ಬಡಿದು, ಹ್ಯಾಂಡಲನ್ನು ಜಗ್ಗಿ ಹಿಡಿದ ಭುಜ ಸೋಲುತ್ತದೆ. ಚಿತ್ರದುರ್ಗದ ಗಾಳಿಯಂತ್ರಗಳ ಹತ್ತಿರ ಅಡ್ಡಗಾಳಿ ಬೀಸಿದರೆ ಎರಡೂ ಕಾಲು ಅವುಗಳ ಜಾಗಕ್ಕೆ ವಾಪಸ್. ಮಂಡಿಯಿಂದ ಟ್ಯಾಂಕನ್ನು ಅವುಚಿಕೊಂಡರೇ ಬೈಕ್ ಹಿಡಿತಕ್ಕೆ ಸಿಗುವುದು.

ಮೈಸೂರು ಕಡೆಗೇ ಹೆಚ್ಚು ಓಡಾಡುವವರು ಇದಕ್ಕೆ ದುಡ್ಡು ಹಾಕಬೇಡಿ ಎನ್ನುತ್ತೇನೆ. 2023ರ ಆಗಸ್ಟ್ 1ರಿಂದ ಅಲ್ಲಿನ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಹಂಪು, ಅಡ್ಡ ಬರುವ ದನ, ಎದುರಿಗೇ ಬರುವ ಸ್ಕೂಟರ್, ಇವುಗಳ ನಡುವೆ ಕಾಲು ಚಾಚುವುದು ಕನಸಿನ ಮಾತು. ಹುಬ್ಬಳ್ಳಿ ದಾರಿಯಲ್ಲೂ ಟೋಲ್ ಗೇಟಿನ ಎಡಬದಿಯ ಕಿರುದಾರಿಗೆ ಬರುವ ಮೊದಲೇ ಫುಟ್‌ರೆಸ್ಟ್ ಮಡಚಿಬಿಡುತ್ತೇನೆ. ಮನೆಯ ಪಾರ್ಕಿಂಗ್‌ನಲ್ಲಿ ಮಡಚದಿದ್ದರೆ ಪಕ್ಕದ ಸ್ಕೂಟರಿನವರ ಜೊತೆ ಜಗಳ ಖಚಿತ.

ಹಾಕಿಸಿದ ಮೇಲೆ ಮೊದಲ ದೂರದ ಓಟ ಮುಗಿದ ಕೂಡಲೇ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು. ರಬ್ಬರ್ ಅದುಮಿಕೊಂಡು ಸ್ವಲ್ಪ ಸಡಿಲವಾಗಿಯೇ ಇರುತ್ತದೆ. ಮಳೆಗಾಲದಲ್ಲಿ ಮಡಚುವ ಕೀಲಿಗೆ ಕೆಸರು ಸೇರುತ್ತದೆ. ನೀರಿನಲ್ಲಿ ತೊಳೆದು, ಒರೆಸಿ, ಒಂದು ಹನಿ ಎಣ್ಣೆ ಬಿಟ್ಟರೆ ಸಾಕು.