ಭಾರತಿ ನೆಲೆಯ ಮುಂದೆ ಸಮುದ್ರದ ಐಸ್ ಕೊರೆದಾಗ

ಅಂಟಾರ್ಕ್ಟಿಕಾದಲ್ಲಿ ಭಾರತದ ಸಂಶೋಧನಾ ನೆಲೆಯಾದ ಭಾರತಿಯ ಮುಂದೆ ನಿಂತರೆ ಎರಡು ಜಾತಿಯ ಐಸ್ ಒಟ್ಟಿಗೇ ಕಾಣುತ್ತದೆ. ಚಪ್ಪಟೆಯಾಗಿ ಹರಡಿರುವುದು ಸಮುದ್ರವೇ ಹೆಪ್ಪುಗಟ್ಟಿದ್ದು. ಅದರ ನಡುವೆ ಸಿಕ್ಕಿಕೊಂಡು ನಿಂತ ಐಸ್‌ಬರ್ಗ್‌ಗಳು ಹಿಮನದಿಯಿಂದ ಮುರಿದು ಬಂದವು. ಕಾಲಾನುಕಾಲ ಬಿದ್ದ ಹಿಮ ತನ್ನ ಭಾರಕ್ಕೇ ಒತ್ತಿಕೊಂಡು ಗಟ್ಟಿಯಾದದ್ದು ಅದು, ಪೂರಾ ಸಿಹಿನೀರು. ನನ್ನ ಕೆಲಸ ಇದ್ದದ್ದು ಚಪ್ಪಟೆ ಐಸಿನ ಮೇಲೆ.

ಮೊದಲು ದಡದ ಬಿರುಕು ನೋಡಿಕೊಳ್ಳಬೇಕು. ಉಬ್ಬರ ಇಳಿತಕ್ಕೆ ಐಸ್ ಏರಿಳಿಯುತ್ತದೆ, ದಡದ ಹತ್ತಿರ ಒಡೆಯುತ್ತದೆ. ಅದನ್ನು ದಾಟಿದ ಮೇಲೆ ಕೊರೆಯುವುದು. ಚಳಿಗಾಲದ ಕೊನೆಗೆ ಐಸ್ ಸುಮಾರು ಒಂದೂವರೆ ಮೀಟರ್ ದಪ್ಪ ಇರುತ್ತದೆ. ಬುಡ ತೂತಾಗುತ್ತಿದ್ದಂತೆ ನೀರು ಬುಸ್ಸನೆ ಮೇಲೇರುತ್ತದೆ.

ಕೊರೆಯುವ ಕೊಳವೆಯಿಂದ ಹೊರಬರುವುದು ಬಾಳೆದಿಂಡಿನಷ್ಟು ದಪ್ಪದ ಐಸಿನ ದಿಂಡು. ಮೇಲುಗಡೆ ಸಣ್ಣ ಹರಳುಗಳು ಅಡ್ಡಾದಿಡ್ಡಿ ಸೇರಿಕೊಂಡಿರುತ್ತವೆ. ಅದರ ಕೆಳಗೆ ನೆಟ್ಟಗೆ ಇಳಿದ ಉದ್ದುದ್ದ ಹರಳು. ವಸಂತದಲ್ಲಾದರೆ ತೀರಾ ಬುಡದಲ್ಲಿ ಕಂದು ಪಟ್ಟಿ ಕಾಣುತ್ತದೆ. ಅದು ಡಯಾಟಮ್ ಪಾಚಿ! ನೋಡಿದಾಗಲೆಲ್ಲ ನನಗೆ ಖುಷಿ. ಅಷ್ಟು ಚಳಿಯಲ್ಲೂ ಸಿಗಡಿಯಂಥ ಪುಟ್ಟ ಜೀವಿ ಕ್ರಿಲ್‌ನ ಮರಿಗಳಿಗೆ ಊಟ ಸಿಗುವುದು ಅಲ್ಲೇ.

ಇಲ್ಲಿಂದ ಆತುರ ಬೇಕು. ಸಮುದ್ರದ ನೀರು ಹೆಪ್ಪುಗಟ್ಟುವುದು ಸುಮಾರು ಮೈನಸ್ 1.8 ಡಿಗ್ರಿಯಲ್ಲಿ. ಐಸಿನ ಹರಳಿನೊಳಗೆ ಉಪ್ಪಿಗೆ ಜಾಗವಿಲ್ಲ. ಜಾಸ್ತಿ ಉಪ್ಪು ಕೆಳಗಿನ ನೀರಿಗೆ ಹೋಗುತ್ತದೆ, ಉಳಿದದ್ದು ಗಾಢ ಉಪ್ಪುನೀರಾಗಿ ಹರಳುಗಳ ಸಂದಿನಲ್ಲಿ ಸಿಕ್ಕಿಬೀಳುತ್ತದೆ. ದಿಂಡನ್ನು ಸುಮ್ನೆ ಎತ್ತಿ ಹಿಡಿದುಕೊಂಡರೂ ಸಾಕು, ಆ ಉಪ್ಪುನೀರು ಸೋರಲು ಶುರು. ಸೋರಿದರೆ ಉಪ್ಪಿನ ಅಳತೆ ಸುಳ್ಳಾಗುತ್ತದೆ ಅಲ್ವಾ? ಅದಕ್ಕೇ ದಿಂಡಿಗೆ ಅಲ್ಲಲ್ಲಿ ತೂತು ಮಾಡಿ ಥರ್ಮಾಮೀಟರ್ ತೂರಿಸಿ ನೋಡುತ್ತೇವೆ. ಕೂಡಲೇ ಗರಗಸದಿಂದ ತುಂಡು ಮಾಡಿ ಡಬ್ಬಿಗೆ ಹಾಕಿ ಮುಚ್ಚುತ್ತೇವೆ. ಕರಗಿಸಿ ಅಳೆದರೆ ಕಿಲೋಗೆ ಸಾಮಾನ್ಯವಾಗಿ 4ರಿಂದ 6 ಗ್ರಾಂ ಉಪ್ಪು. ಸಮುದ್ರದ ನೀರಿನಲ್ಲಿ 35 ಗ್ರಾಂ ಆಸುಪಾಸು.

ಅಂಟಾರ್ಕ್ಟಿಕಾದಲ್ಲೇ ಇರುವ ಭಾರತದ ಇನ್ನೊಂದು ನೆಲೆ ಮೈತ್ರಿಯ ಪಕ್ಕದ ಪ್ರಿಯದರ್ಶಿನಿ ಸರೋವರದ ಐಸೇ ಬೇರೆ. ಸಿಹಿನೀರು 4 ಡಿಗ್ರಿಗಿಂತ ತಣ್ಣಗಾದರೆ ಹಗುರಾಗಿ ಮೇಲೇ ನಿಲ್ಲುತ್ತದೆ, ಬೇಗ ಹೆಪ್ಪುಗಟ್ಟುತ್ತದೆ. ಸಮುದ್ರದ ನೀರು ತಣ್ಣಗಾದಷ್ಟೂ ಭಾರವಾಗಿ ಮುಳುಗುತ್ತಲೇ ಇರುತ್ತದೆ. ಹಾಗಾಗಿ ಐಸ್ ಕಟ್ಟಲು ತಡ. ಕಟ್ಟಿದ ಮೇಲೂ ಅದು ಸಿಹಿನೀರಿನ ಐಸಿನಷ್ಟು ಬಿರುಸಲ್ಲ, ಎಳೆಯದಾಗಿದ್ದಾಗ ಕಾಲಡಿ ಬಾಗುತ್ತದೆ.

ಈ ಕಾರಣಕ್ಕೆ, ಎಷ್ಟು ದಪ್ಪವಿದ್ದರೆ ಎಷ್ಟು ಭಾರ ತಡೆಯುತ್ತದೆ ಎಂಬ ಸರೋವರದ ಐಸಿನ ಲೆಕ್ಕ ಸಮುದ್ರದ ಐಸಿಗೆ ನಡೆಯುವುದಿಲ್ಲ. ಡಿಸೆಂಬರ್ ಹೊತ್ತಿಗೆ, ಅಂದರೆ ಅಲ್ಲಿನ ಬೇಸಿಗೆಗೆ, ದಪ್ಪ ಹಾಗೇ ಕಂಡರೂ ಬಿಸಿಲಿಗೆ ಒಳಗಿನ ಸಂದುಗಳು ದೊಡ್ಡದಾಗಿ ಬಲ ಇಳಿದಿರುತ್ತದೆ. ದಪ್ಪದ ಜೊತೆ ಒಳಗಿನ ಉಷ್ಣಾಂಶವನ್ನೂ ನೋಡದೆ ನಾವು ಅದರ ಮೇಲೆ ವಾಹನ ಇಳಿಸುತ್ತಿರಲಿಲ್ಲ.