ತಗಡಿನ ಮಾಡಿನ ಕೆಳಗೂ ಮಾತು ಕೇಳಿಸುವ ಪೆಟ್ಟಿಗೆ: ನಾನು ಕಟ್ಟಿಕೊಂಡ ಬಗೆ

ಕಿವಿ ಮಂದವಾದವರಿಗೆ ಎದುರಿನವರು ಮಾತಾಡುತ್ತಿರುವುದು ಗೊತ್ತಾಗುತ್ತದೆ, ಏನೆಂದರು ಎಂಬುದು ಗೊತ್ತಾಗುವುದಿಲ್ಲ. ‘ಹತ್ತು’, ‘ಹಚ್ಚು’, ‘ಹಕ್ಕು’ ಮೂರೂ ಒಂದೇ ಥರ ಕೇಳುತ್ತವೆ. ಆ, ಊಗಳಂಥ ಸ್ವರಾಕ್ಷರಗಳ ಬಲವೆಲ್ಲ ಹೆಚ್ಚಾಗಿ 1000 ಹರ್ಟ್ಸ್‌ನ (ಸೆಕೆಂಡಿಗೆ ಸಾವಿರ ಕಂಪನದ) ಕೆಳಗಿರುತ್ತದೆ. ಸ, ಶ, ಚ, ತಗಳ ಗುರುತು ಇರುವುದು 2000ದ ಮೇಲೆ. ನನ್ನಂತೆ ಮೇಲಿನ ಸ್ಥಾಯಿ ಹೋದವರು ಎಲ್ಲವನ್ನೂ ಒಂದೇ ಸಮ ಜೋರು ಮಾಡಿಕೊಂಡರೆ ಕೆಳಗಿನ ಗುಂಯ್‌ಗುಡುವಿಕೆಯೇ ಕಿವಿ ತುಂಬುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದರ ಮೇಲೆ ತಗಡಿನ ಮಾಡಿನ ಸದ್ದು ಬೇರೆ. ಹಾಗಾಗಿ ಮೈಕ್, ಆಂಪ್ಲಿಫೈಯರ್, ಇಯರ್‌ಫೋನ್ ಸೇರಿದ ಈ ಪೆಟ್ಟಿಗೆ ಕಟ್ಟುವಾಗ ನಾನು ಮೈಕನ್ನು ಮಾತಾಡುವವರ ಬಾಯಿಯ ಹತ್ತಿರ ಒಯ್ಯುವುದನ್ನು ಮೊದಲು ನೋಡಿಕೊಂಡೆ. ಆಮೇಲೆ ಕೆಳಸ್ಥಾಯಿ ತಗ್ಗಿಸಿದೆ, ಕಿವಿಗೆ ಬೀಳುವ ಸದ್ದಿಗೆ ಮೇಲ್ಮಿತಿ ಹಾಕಿದೆ. ಜೋರು ಮಾಡುವ ಕೆಲಸ ಕೊನೆಯದು.

ಕಟ್ಟುವ ಮುಂಚೆ ಆಡಿಯೋಗ್ರಾಂ (ಯಾವ ಸ್ಥಾಯಿ ಎಷ್ಟು ಕೇಳುತ್ತದೆಂದು ತೋರಿಸುವ ಕಿವಿಯ ಪರೀಕ್ಷೆ) ಮಾಡಿಸಿ. ಅದಿಲ್ಲದೆ ಎಷ್ಟು ಗೇನ್ (ಸದ್ದನ್ನು ಏರಿಸುವ ಪ್ರಮಾಣ) ಬೇಕೆಂದು ಲೆಕ್ಕ ಹಾಕಲು ಬರುವುದಿಲ್ಲ. ಕಿವಿ ಸೋರುತ್ತಿದ್ದರೆ, ಒಂದೇ ಕಿವಿ ಮಂದವಾಗಿದ್ದರೆ ಅಥವಾ ಇದ್ದಕ್ಕಿದ್ದಂತೆ ಕೇಳದಾಗಿದ್ದರೆ ಬೆಸುಗೆ ಹಾಕುತ್ತ ಕೂರಬೇಡಿ, ತಕ್ಷಣ ಇಎನ್‌ಟಿ ವೈದ್ಯರನ್ನು ನೋಡಿ. ಮಕ್ಕಳಿಗಂತೂ ಈ ಪೆಟ್ಟಿಗೆ ಖಂಡಿತ ಬೇಡ. ಅವರನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತೋರಿಸಬೇಕು.

ಗೇನಿಗೆ ಒಂದು ಹಳೆಯ ಲೆಕ್ಕವಿದೆ: ಆಡಿಯೋಗ್ರಾಂ ತೋರಿಸುವ ಶ್ರವಣ ನಷ್ಟದ ಸುಮಾರು ಅರ್ಧ. 50 ಡೆಸಿಬಲ್ ನಷ್ಟವಿದ್ದರೆ 25 ಡೆಸಿಬಲ್ ಗೇನ್ ಸಾಕು. 70 ದಾಟಿದವರಿಗೆ ಈ ಪೆಟ್ಟಿಗೆ ಸಾಲದು.

ಮೈಕ್ ಕಡೆಗೆ ನಾನು ಹಾಕಿದ್ದು ಮ್ಯಾಕ್ಸ್ 9814 ಮಾಡ್ಯೂಲ್, ಅಂದರೆ ಮೈಕೂ ಅದರ ಆಂಪ್ಲಿಫೈಯರೂ ಒಟ್ಟಿಗಿರುವ ಸಣ್ಣ ಬೋರ್ಡ್. ಇದರೊಳಗೇ ಎಜಿಸಿ ಇದೆ: ಸದ್ದು ಜೋರಾದಾಗ ಗೇನನ್ನು ತಾನೇ ತಗ್ಗಿಸುತ್ತದೆ. ಕಿವಿಯ ಕಡೆಗೆ ಹಳೆಯ ರೇಡಿಯೋಗಳಲ್ಲಿರುವ ಎಂಟು ಕಾಲಿನ ಆಂಪ್ಲಿಫೈಯರ್ ಐಸಿ ಟಿಡಿಎ 2822ಎಂ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಪಿಎಎಂ 8403 ಆಂಪ್ಲಿಫೈಯರ್ ಬೋರ್ಡ್ ತರಬೇಡಿ. ಅದರ ಔಟ್‌ಪುಟ್ ಬ್ರಿಜ್ ಮಾದರಿಯದು, ಅದರ ಯಾವ ತಂತಿಯೂ ಗ್ರೌಂಡ್ ಅಲ್ಲ; ಇಯರ್‌ಫೋನಿನಲ್ಲಾದರೆ ಎರಡೂ ಬದಿಗೆ ಗ್ರೌಂಡ್ ಒಂದೇ. ಜೋಡಿಸಿದರೆ ಔಟ್‌ಪುಟ್ ನೇರ ಶಾರ್ಟ್ ಆಗುತ್ತದೆ.

ಕರೆಂಟಿಗೆ ಮೂರು ಪೆನ್ಸಿಲ್ ಸೆಲ್, 4.5 ವೋಲ್ಟ್. ಎರಡು ಸೆಲ್ ಸಾಲುವುದಿಲ್ಲ, ಏಕೆಂದರೆ ಮಾಡ್ಯೂಲ್ 2.7 ವೋಲ್ಟ್‌ಗಿಂತ ಕೆಳಗೆ ನಡೆಯದು. ಲಿಥಿಯಂ ಸೆಲ್ಲಿಗೆ ವೋಲ್ಟೇಜ್ ಏರಿಸುವ ಬೂಸ್ಟ್ ಬೋರ್ಡ್ ಹಾಕಿದರೆ ಅದರ ಸ್ವಿಚಿಂಗ್ ಸದ್ದು ಕಿವಿಯಲ್ಲಿ ಕೀರಲಾಗಿ ಕೂರುತ್ತದೆ. ನಾಲ್ಕು ದಿನ ಕರೆಂಟ್ ಹೋದರೂ ಊರಿನ ಅಂಗಡಿಯಲ್ಲಿ ಪೆನ್ಸಿಲ್ ಸೆಲ್ ಸಿಗುತ್ತದೆ. ಇಡೀ ಸರ್ಕ್ಯೂಟ್ ಎಳೆಯುವುದು 10ರಿಂದ 15 ಮಿಲಿ ಆಂಪಿಯರ್, ಒಳ್ಳೆಯ ಆಲ್ಕಲೈನ್ ಸೆಲ್ ನೂರು ಗಂಟೆ ಮೀರಿ ಬರುತ್ತದೆ.

ಜೋಡಣೆ ಹೀಗೆ. ಸೆಲ್ಲಿನ ಪ್ಲಸ್ಸಿನಿಂದ ಟಿಡಿಎಯ 2ನೇ ಕಾಲಿಗೆ ನೇರ, 4ನೇ ಕಾಲು ಗ್ರೌಂಡ್. ಈ ಎರಡರ ನಡುವೆ 220 ಮೈಕ್ರೋಫ್ಯಾರಡ್. ಮಾಡ್ಯೂಲಿಗೆ ಮಾತ್ರ ಅದೇ ಪ್ಲಸ್ಸಿನಿಂದ 100 ಓಮ್ ಮೂಲಕ ಕೊಟ್ಟು, ಅಲ್ಲಿಂದ ಗ್ರೌಂಡಿಗೆ ಇನ್ನೊಂದು 220 ಮೈಕ್ರೋಫ್ಯಾರಡ್. ಇದನ್ನು ಬಿಟ್ಟರೆ ಸೆಲ್ ಸ್ವಲ್ಪ ಇಳಿಯುತ್ತಿದ್ದಂತೆ ಡಗಡಗ ಎಂದು ಶುರುವಾಗುತ್ತದೆ: ಇಯರ್‌ಫೋನ್ ಕರೆಂಟ್ ಎಳೆದಾಗೆಲ್ಲ ವೋಲ್ಟೇಜ್ ಕುಸಿದು, ಆ ಕುಸಿತವೇ ಮೈಕಿನ ದಾರಿಯಲ್ಲಿ ಮತ್ತೆ ಒಳಗೆ ಬರುತ್ತದೆ. ಒಂದೊಂದು ಸೆಲ್ 1 ವೋಲ್ಟ್‌ಗೆ ಇಳಿದರೆ ಬದಲಿಸಿಬಿಡಿ.

ಮಾಡ್ಯೂಲಿನ ಔಟ್‌ಪುಟ್‌ನಿಂದ ಒಂದು ಸಣ್ಣ ಕೆಪ್ಯಾಸಿಟರ್, ಅದರ ಮುಂದೆ 100 ಕಿಲೋ ಓಮ್, ಅದರ ಮುಂದೆ 10 ಕಿಲೋ ಓಮ್‌ನ, ಲಾಗ್ ಮಾದರಿಯ ವಾಲ್ಯೂಮ್ ಕಂಟ್ರೋಲ್. ವಾಲ್ಯೂಮಿನ ಎರಡು ತುದಿಗಳಿಗೆ ಅಡ್ಡಲಾಗಿ 1 ಕಿಲೋ ಓಮ್ ಹಾಕಿ, ಕೆಳತುದಿ ಗ್ರೌಂಡಿಗೆ. ನಡುಕಾಲು ಟಿಡಿಎಯ 6 ಮತ್ತು 7ಕ್ಕೆ ಒಟ್ಟಿಗೆ. 5 ಮತ್ತು 8ರಿಂದ ಗ್ರೌಂಡಿಗೆ ಒಂದೊಂದು 100 ಮೈಕ್ರೋಫ್ಯಾರಡ್. ಔಟ್‌ಪುಟ್ ಬರುವುದು 1 ಮತ್ತು 3ರಲ್ಲಿ. ಪ್ರತಿಯೊಂದರಿಂದ ಗ್ರೌಂಡಿಗೆ 4.7 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸರಣಿಯಲ್ಲಿ, ಜ್ಯಾಕಿನ ಕಡೆಗೆ 100 ಮೈಕ್ರೋಫ್ಯಾರಡ್ ಮತ್ತು 33 ಓಮ್.

ಮೊದಲಿನ ಆ ಸಣ್ಣ ಕೆಪ್ಯಾಸಿಟರಿನಲ್ಲೇ ಪೆಟ್ಟಿಗೆಯ ಜೀವ ಇರುವುದು. 4.7 ನ್ಯಾನೋಫ್ಯಾರಡ್ ಹಾಕಿದರೆ ಸುಮಾರು 335 ಹರ್ಟ್ಸ್‌ನಿಂದ ಕೆಳಗೆ ತಗ್ಗುತ್ತದೆ, 2.2 ಹಾಕಿದರೆ 716ರಿಂದ, 1 ಹಾಕಿದರೆ 1576ರಿಂದ. ಮೂರನ್ನೂ ಒಂದು ಮೂರು ದಾರಿಯ ಸ್ವಿಚ್ಚಿಗೆ ಹಾಕಿಡಿ. ಮನೆಯೊಳಗೆ ನನಗೆ 2.2 ಒಪ್ಪುತ್ತದೆ. ಬಸ್ಸಿನಲ್ಲಿ ಇಂಜಿನ್ನಿನ ಗುಡುಗುಡು ತಗ್ಗಿಸಲು 1ಕ್ಕೆ ತಿರುಗಿಸುತ್ತೇನೆ. ಧ್ವನಿ ತಗಡಿನಂತೆ ತೆಳ್ಳಗಾಗುತ್ತದೆ, ಮಾತು ಮಾತ್ರ ಬಿಡಿಬಿಡಿಯಾಗಿ ಬರುತ್ತದೆ. ತೆಳ್ಳಗಾಯಿತೆಂದು ಮೊದಲ ದಿನವೇ ಬದಲಿಸಬೇಡಿ, ಕಿವಿಗೆ ರೂಢಿಯಾಗಲು ಕೆಲವು ವಾರ ಬೇಕು.

33 ಓಮ್ ಇರುವುದು ಕಿವಿಯ ರಕ್ಷಣೆಗೆ. ಮಾಡ್ಯೂಲಿನ ಔಟ್‌ಪುಟ್ 2 ವೋಲ್ಟ್ ಪೀಕ್-ಟು-ಪೀಕ್‌ಗೆ (ಅಲೆಯ ಕೆಳತುದಿಯಿಂದ ಮೇಲ್ತುದಿಗೆ) ನಿಲ್ಲುತ್ತದೆ. ಮೇಲಿನ ಬೆಲೆಗಳಲ್ಲಿ 32 ಓಮ್‌ನ, ಮಿಲಿವಾಟ್‌ಗೆ 100 ಡೆಸಿಬಲ್ ಕೊಡುವ ಇಯರ್‌ಫೋನ್ ಹಾಕಿದರೆ ಕಿವಿಯಲ್ಲಿ ಅತಿ ಹೆಚ್ಚೆಂದರೆ ಸುಮಾರು 104 ಡೆಸಿಬಲ್. ಮಂದತೆ ಕಡಿಮೆ ಇರುವ ಕಿವಿಯ ಬದಿಗೆ 100 ಓಮ್ ಹಾಕಿ, ಇನ್ನೂ 6 ಡೆಸಿಬಲ್ ಇಳಿಯುತ್ತದೆ. 85 ಡೆಸಿಬಲ್ಲಿನಲ್ಲಿ ಎಂಟು ಗಂಟೆ ಇರಬಹುದು, ಪ್ರತಿ 3 ಡೆಸಿಬಲ್‌ಗೆ ಆ ಹೊತ್ತು ಅರ್ಧವಾಗುತ್ತದೆ. 100ಕ್ಕೆ ಹದಿನೈದೇ ನಿಮಿಷ. ಅಡಿಕೆ ಸುಲಿಯುವ ಯಂತ್ರದ ಪಕ್ಕ, ಮರ ಕೊಯ್ಯುವ ಗರಗಸದ ಪಕ್ಕ ಎಜಿಸಿ ಸದ್ದನ್ನು ಆ 104ರ ಮಿತಿಯ ಹತ್ತಿರವೇ ಹಿಡಿದಿಡುತ್ತದೆ. ಅಲ್ಲಿ ಪೆಟ್ಟಿಗೆ ಆಫ್ ಮಾಡಲೇಬೇಕು. ಉಳಿದಿರುವ ಕಿವಿಯನ್ನು ಕಳೆದುಕೊಂಡರೆ ಯಾವ ಸರ್ಕ್ಯೂಟೂ ಮರಳಿ ಕೊಡುವುದಿಲ್ಲ.

ಮಾಡ್ಯೂಲಿನ ‘ಗೇನ್’ ಕಾಲನ್ನು ಪ್ಲಸ್ಸಿಗೆ ಕೊಟ್ಟರೆ 40 ಡೆಸಿಬಲ್, ಗ್ರೌಂಡಿಗೆ ಕೊಟ್ಟರೆ 50, ಹಾಗೇ ಬಿಟ್ಟರೆ 60. ವಾಲ್ಯೂಮ್ ಪೂರ್ತಿ ಇಟ್ಟಾಗ ಕಿವಿಗೆ ನಿಜವಾಗಿ ಸಿಗುವ ಗೇನ್ ಕ್ರಮವಾಗಿ 10, 20, 30ರ ಆಸುಪಾಸು. ತಗ್ಗಿದ ಗೇನ್ ಎಷ್ಟು ಬೇಗ ಮರಳಬೇಕೆಂದು ಹೇಳುವ ‘ಎಆರ್’ ಕಾಲನ್ನು ಗ್ರೌಂಡಿಗೆ ಕೊಡಿ. ಹಾಗೇ ಬಿಟ್ಟರೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಿಗೆ ತಗ್ಗಿದ ಗೇನ್ ಮರಳಲು ಬಹಳ ಹೊತ್ತು ಹಿಡಿದು, ಅಷ್ಟರಲ್ಲಿ ಆಡಿದ ಮಾತು ತಪ್ಪಿಹೋಗುತ್ತದೆ. ಯಕ್ಷಗಾನಕ್ಕೆ ಹೋಗುವಾಗ ಮಾತ್ರ 40ಕ್ಕೆ ಇಳಿಸಿ. 60ರಲ್ಲಿ ಚೆಂಡೆಯ ಪ್ರತಿ ಪೆಟ್ಟಿಗೂ ಗೇನ್ ಕುಸಿದು ಭಾಗವತರ ಪದ ತುಂಡುತುಂಡಾಗುತ್ತದೆ.

ಇನ್ನು ಮೈಕ್. ಮಾಡ್ಯೂಲಿನ ಮೇಲಿರುವುದನ್ನು ಬಿಡಿಸಿ, ಒಂದೂವರೆ ಮೀಟರ್ ಶೀಲ್ಡ್ ವೈರಿನ ತುದಿಗೆ ಹಾಕಿ, ಅಂಗಿಗೆ ಸಿಕ್ಕಿಸುವ ಕ್ಲಿಪ್ ಅಂಟಿಸಿ. ಮೈಕಿನ ಹಿಂಭಾಗದಲ್ಲಿ ಕೇಸಿಗೆ ಸಣ್ಣ ಗೆರೆಗಳಿಂದ ಸೇರಿರುವ ಕಾಲೇ ಗ್ರೌಂಡ್, ಶೀಲ್ಡ್ ಅದಕ್ಕೆ. ಬೆಸುಗೆ ಎರಡು ಸೆಕೆಂಡ್ ಮೀರಬಾರದು. ಮೈಕಿನೊಳಗಿನ, ಕಾಯಂ ಚಾರ್ಜ್ ಹಿಡಿದ ಎಲೆಕ್ಟ್ರೆಟ್ ಪೊರೆಯ ಆ ಚಾರ್ಜ್ ಬಿಸಿಗೆ ಹೋಗಿಬಿಡುತ್ತದೆ. ದೂರ ಅರ್ಧವಾದಾಗಲೆಲ್ಲ ಮಾತು 6 ಡೆಸಿಬಲ್ ಏರುತ್ತದೆ. ಎರಡು ಮೀಟರ್ ದೂರದಿಂದ ಕಾಲು ಮೀಟರಿಗೆ ತಂದರೆ 18 ಡೆಸಿಬಲ್, ಅದೂ ಮಳೆಯ ಸದ್ದು ಒಂದಿಷ್ಟೂ ಏರದೆ. ಯಾವ ಫಿಲ್ಟರೂ ಇಷ್ಟು ಕೊಡುವುದಿಲ್ಲ. ಜಗಲಿಯಲ್ಲಿ ಪಕ್ಕ ಕೂತವರಿಗೆ “ಇದನ್ನ ಒಂಚೂರು ಅಂಗಿಗೆ ಸಿಕ್ಕಿಸ್ಕೊಳ್ಳಿ” ಎನ್ನಲು ಸಂಕೋಚ ಬೇಡ. ಮೈಕ್ ಕಿವಿಯಿಂದ ದೂರವಿರುವುದರಿಂದ ಸಿಳ್ಳೆಯ ಕಾಟವೂ ತಪ್ಪುತ್ತದೆ. ಆದರೂ ಸಿಳ್ಳೆ ಬಂದರೆ ಇಯರ್‌ಫೋನಿನ ರಬ್ಬರ್ ತುದಿ ಕಿವಿಗೆ ಸಡಿಲವಾಗಿದೆ ಎಂದರ್ಥ, ಒಂದು ಅಳತೆ ದೊಡ್ಡದು ಹಾಕಿ.

ಸಿಗ್ನಲ್ ಕಡಿಮೆ ಇರುವ ಊರುಗಳಲ್ಲಿ ಮೊಬೈಲ್ ಪೂರ್ತಿ ಶಕ್ತಿಯಲ್ಲಿ ರೇಡಿಯೋ ಅಲೆ ಕಳಿಸುತ್ತದೆ. 2ಜಿಗೆ ಇಳಿದಾಗ ಅದು 217 ಹರ್ಟ್ಸ್‌ನ ಟರ್ರ್ ಸದ್ದಾಗಿ ಮೈಕಿಗೆ ನುಗ್ಗುತ್ತದೆ. ಮೈಕಿನ ಎರಡು ಕಾಲಿಗೆ ಅಲ್ಲೇ, ವೈರಿನ ಆ ತುದಿಯಲ್ಲೇ, 47 ಪಿಕೋಫ್ಯಾರಡ್ ಸೆರಾಮಿಕ್ ಹಾಕಿ. ಬೋರ್ಡಿನ ಕಡೆ ಹಾಕಿದರೆ ಅಷ್ಟು ಪ್ರಯೋಜನವಿಲ್ಲ.

ಕೇಳಿ ನೋಡುವುದು ಆರು ಸದ್ದುಗಳಿಂದ: ಆ, ಊ, ಈ, ಮ್, ಶ್, ಸ್. ಮನೆಯವರೊಬ್ಬರು ತುಟಿ ಕಾಣದಂತೆ ಬಾಯಿಗೆ ಕಾಗದ ಅಡ್ಡ ಹಿಡಿದು, ಕ್ರಮ ಹಿಂದು ಮುಂದಾಗಿಸಿ ಹೇಳಲಿ. ‘ಮ್’ ಸಿಗದಿದ್ದರೆ ಕೆಳಸ್ಥಾಯಿ ಅತಿಯಾಗಿ ಕತ್ತರಿಸಿದೆ, ‘ಸ್’ ಸಿಗದಿದ್ದರೆ ಗೇನ್ ಏರಿಸಬೇಕು ಇಲ್ಲವೇ ಇಯರ್‌ಫೋನ್ ಬದಲಿಸಬೇಕು.

ಆಗುಂಬೆ, ಹೊಸನಗರದ ಕಡೆಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಬೇರೆಯೇ ತಯಾರಿ ಬೇಕು. ಬೋರ್ಡಿನಲ್ಲಿ ಉಳಿದ ಫ್ಲಕ್ಸ್ (ಬೆಸುಗೆ ಹಿಡಿಯಲು ಹಾಕುವ ಅಂಟು) ನೀರು ಹೀರಿಕೊಂಡು ಚರಚರ ಸದ್ದು ಶುರುಮಾಡುತ್ತದೆ. ಬೆಸುಗೆ ಮುಗಿದ ಮೇಲೆ ಹಳೇ ಟೂತ್‌ಬ್ರಷ್ಷಿನಿಂದ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿ, ಒಣಗಿಸಿ, ಬಣ್ಣವಿಲ್ಲದ ನೈಲ್ ಪಾಲಿಶ್ ಎರಡು ಸಲ ಬಳಿಯಿರಿ. ವಾಲ್ಯೂಮ್, ಜ್ಯಾಕ್ ಮತ್ತು ಮೈಕಿನ ತೂತಿಗೆ ತಾಗಬಾರದು. ಸೆಲ್ಲಿನ ಸ್ಪ್ರಿಂಗಿಗೆ ವ್ಯಾಸಲಿನ್ ತೆಳ್ಳಗೆ ಸವರಿದರೆ ತುಕ್ಕು ನಿಧಾನವಾಗುತ್ತದೆ. ರಾತ್ರಿ ಸೆಲ್ ತೆಗೆದು, ನೀಲಿ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಜೆಲ್ ಗುಲಾಬಿಯಾದಾಗ ಅದನ್ನು ಮಾತ್ರ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನೀಲಿಯಾಗುವವರೆಗೆ ಬಿಸಿ ಮಾಡಿ, ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಒಣಗಲೆಂದು ಪೆಟ್ಟಿಗೆಯನ್ನು ಒಲೆಯ ಹತ್ತಿರವೋ ಅಡಿಕೆ ಒಣಗಿಸುವ ಅಟ್ಟದ ಮೇಲೋ ಇಟ್ಟರೆ ಮೈಕ್ ಮಂದವಾಗುತ್ತದೆ. ಮಳೆಗಾಲದಲ್ಲಿ ಮೊದಲು ಕೈಕೊಡುವುದೂ ಮೈಕೇ. ವೈರಿನ ಪೆಟ್ಟಿಗೆಯ ತುದಿಗೆ ಎರಡು ಪಿನ್ನಿನ ಪ್ಲಗ್ ಹಾಕಿ, ಕ್ಲಿಪ್ ಸಮೇತ ಇನ್ನೊಂದು ಮೈಕ್ ಕಟ್ಟಿ ಅದೇ ಡಬ್ಬಿಯಲ್ಲಿ ಇಟ್ಟುಕೊಂಡಿರಿ.