98 ಗುಳಿ ಟ್ರೇಲಿ ಎಷ್ಟು ಸಸಿ? ನರ್ಸರಿಲಿ ಪ್ರಾಬಬಿಲಿಟಿ ಬಳಸಿದ ನನ್ನ ಅನುಭವ

ನಾನು ಮೈಸೂರಲ್ಲಿ ಬಿಎಸ್ಸಿ ಓದಿದ್ದು, ಮ್ಯಾಥ್ಸ್ ಜೊತೆ ಸ್ಟಾಟಿಸ್ಟಿಕ್ಸ್ ಇತ್ತು. ಮದುವೆ ಆಗಿ ಬಂದಿದ್ದು ಪಾಂಡವಪುರದ ಹತ್ರ ಒಂದು ಹಳ್ಳಿಗೆ, ಇಲ್ಲಿ ಮನೆಯವ್ರೂ ಮಾವನೂ ಸೇರ್ಕೊಂಡು ಶೇಡ್‌ನೆಟ್ ಹಾಕಿ ಟೊಮೇಟೊ, ಮೆಣಸಿನಕಾಯಿ, ಕ್ಯಾಪ್ಸಿಕಂ, ಆಮೇಲೆ ಕಬ್ಬಿನ ಸಸಿ ಎಲ್ಲ ಬೆಳೆಸಿ ಮಾರ್ತಾರೆ. ಆರ್ಡರ್ ಬುಕ್ಕು ನನ್ನ ಕೈಗೆ ಬಂದ್ಮೇಲೆ ಕಾಲೇಜಲ್ಲಿ ಪರೀಕ್ಷೆಗೆ ಅಂತ ಓದಿದ್ದ ಬೈನಾಮಿಯಲ್ಲು ಪಾಯ್ಸಾನು ಅನ್ನೋ ಪ್ರಾಬಬಿಲಿಟಿ ಲೆಕ್ಕ ಎಲ್ಲ ಒಂದೊಂದಾಗಿ ಈಚೆ ಬಂತು. ಹೆಂಗೆ ಬಳಸ್ದೆ, ಎಲ್ಲಿ ಕೈ ಕೊಡ್ತು ಅಂತ ಬರೀತಿದೀನಿ, ನರ್ಸರಿ ಮಾಡೋರಿಗೂ ಆಗುತ್ತೆ, ಸ್ಟಾಟಿಸ್ಟಿಕ್ಸ್ ಓದೋ ಮಕ್ಕಳಿಗೂ ಆಗುತ್ತೆ.

ನಮ್ಮಲ್ಲಿ ತರಕಾರಿಗೆ ಬಳಸೋದು 98 ಗುಳಿ ಇರೋ ಪ್ರೋಟ್ರೇ, ಅಂದ್ರೆ ಸಸಿ ಬೆಳೆಸೋ ಪ್ಲಾಸ್ಟಿಕ್ ಟ್ರೇ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿಸಿ ಗುಳಿಗೊಂದು ಬೀಜ. ತಗೊಳೋಕೆ ಬಂದವರು ಕೇಳೋ ಮೊದಲ್ನೇ ಪ್ರಶ್ನೆನೇ ಇದು, "ಏನಕ್ಕ, 98 ಅಂತೀರಾ, ಇಲ್ ನೋಡಿದ್ರೆ ಅಲ್ಲೊಂದು ಇಲ್ಲೊಂದು ಖಾಲಿ ಐತಲ್ಲ." ಸರಿ, ಒಂದು ಬೀಜ ಸಸಿ ಆಗೋ ಚಾನ್ಸು 90% ಅಂತ ಇಟ್ಕೊಳಿ. 98ಕ್ಕೆ 98ನೂ ಬರ್ಬೇಕು ಅಂದ್ರೆ 0.9ನ 98 ಸಲ ಗುಣಿಸ್ಬೇಕು, ಉತ್ತರ ಸುಮಾರು 0.00003. ಅಂದ್ರೆ ಹೆಚ್ಚುಕಮ್ಮಿ 30 ಸಾವಿರ ಟ್ರೇ ಹಾಕಿದ್ರೆ ಅದರಲ್ಲಿ ಒಂದು ಟ್ರೇ ಪೂರ್ತಿ ಬರಬಹುದು. ಬೀಜ ತುಂಬ ಚೆನ್ನಾಗಿದೆ, 97% ಅಂತಾನೇ ಇಟ್ಕೊಂಡ್ರೂ 20 ಟ್ರೇಗೆ ಒಂದು. ಹಂಗಾಗಿ ಪೂರ್ತಿ ತುಂಬಿರೋ ಟ್ರೇ ಎಲ್ಲಾದ್ರೂ ಕಂಡ್ರೆ ಅದು ಹಂಗೇ ಹುಟ್ಟಿದ್ದಲ್ಲ, ಯಾರೋ ಕೂತ್ಕೊಂಡು ಬೇರೆ ಟ್ರೇಯಿಂದ ಸಸಿ ಕಿತ್ತು ಖಾಲಿ ಗುಳಿಗೆ ಕೂರ್ಸಿದಾರೆ. ನಾವೂ ಅದನ್ನೇ ಮಾಡೋದು, ಆ ಕೂಲಿನೂ ಸಸಿ ರೇಟಲ್ಲಿ ಸೇರಿರುತ್ತೆ.

ಈಗ ಆರ್ಡರ್ ವಿಷಯ. ಒಬ್ರು ಬಂದು ಸಾವಿರ ಸಸಿ ಬೇಕು, ಇಂಥ ತಾರೀಕಿಗೆ ಅಂತಾರೆ. ಸಾವಿರವನ್ನ 0.9ರಿಂದ ಭಾಗಿಸಿದ್ರೆ 1112 ಬೀಜ ಬರುತ್ತೆ, ಎಲ್ಲರೂ ಅಷ್ಟೇ ಲೆಕ್ಕ ಹಾಕೋದು. ಆದ್ರೆ 1112 ಹಾಕಿದ್ರೆ ಸರಾಸರಿ ಮೇಲೆ ಸಾವಿರ ಬರುತ್ತೆ ಅಷ್ಟೇ, ಅಂದ್ರೆ ಹತ್ತಿರ ಹತ್ತಿರ ಅರ್ಧ ಸಲ ಕಮ್ಮಿ ಬೀಳುತ್ತೆ! ಬೈನಾಮಿಯಲ್, ಅಂದ್ರೆ ಇಷ್ಟು ಬೀಜ ಹಾಕಿದ್ರೆ ಎಷ್ಟು ಬದುಕೋ ಚಾನ್ಸು ಎಷ್ಟು ಅನ್ನೋ ಲೆಕ್ಕ, ಇಲ್ಲಿ ಬೇಕಾಗೋದು. ಎನ್ ಬೀಜ, ಒಂದೊಂದು ಬದುಕೋ ಚಾನ್ಸು ಪಿ ಅಂದ್ರೆ ಸರಾಸರಿ ಎನ್ ಇಂಟು ಪಿ, ಸ್ಟ್ಯಾಂಡರ್ಡ್ ಡೀವಿಯೇಷನ್ನು, ಅಂದ್ರೆ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗುತ್ತೆ ಅನ್ನೋದು, ಎನ್ ಇಂಟು ಪಿ ಇಂಟು (ಒಂದು ಮೈನಸ್ ಪಿ), ಅದರ ವರ್ಗಮೂಲ. 98 ಗುಳಿಗೆ ಸರಾಸರಿ 88, ಆ ಕಡೆ ಈ ಕಡೆ 3. ಸಾವಿರದ ಆರ್ಡರಿಗೆ ಸುಮಾರು 10. ಸರಾಸರಿಯಿಂದ ಎರಡು ಡೀವಿಯೇಷನ್ ಕಳೆದ್ರೂ ಸಾವಿರ ಉಳೀಬೇಕು ಅಂದ್ರೆ ಸುಮಾರು 1135 ಬೀಜ. ನಾವು ಬೀಜ ಎಣಿಸಿ ಹಾಕಲ್ಲ, ಟ್ರೇ ಲೆಕ್ಕ, 12 ಟ್ರೇ ಅಂದ್ರೆ 1176, ಸರಾಸರಿನೇ 1058 ಬರುತ್ತೆ, ಧಾರಾಳ ಆಯ್ತು. 11 ಟ್ರೇಗೆ ಸರಾಸರಿ 970, ಸಾಲಲ್ಲ. ಹತ್ತು ಸಾವಿರದ ಆರ್ಡರ್ ಆದ್ರೆ ಭಾಗಿಸಿದಾಗ 11,112 ಬರುತ್ತೆ, ಅದರ ಮೇಲೆ 70 ಬೀಜ ಜಾಸ್ತಿ ಹಾಕಿದ್ರೆ ಸಾಕು. ಸಾವಿರಕ್ಕೆ ನೂರಕ್ಕೆ ಎರಡರಷ್ಟು ಎಕ್ಸ್‌ಟ್ರಾ ಬೇಕಿತ್ತು, ಹತ್ತು ಸಾವಿರಕ್ಕೆ ನೂರಕ್ಕೆ ಒಂದೂ ಬೇಡ. ದೊಡ್ಡ ಆರ್ಡರಲ್ಲಿ ಏರುಪೇರು ತಾನಾಗೇ ಒಂದಕ್ಕೊಂದು ಸರಿದೂಗುತ್ತೆ, ಗಣಿತಜ್ಞ ಜೇಕಬ್ ಬರ್ನೂಲಿ ಸತ್ತ ಮೇಲೆ 1713ರಲ್ಲಿ ಅಚ್ಚಾದ ಲೆಕ್ಕದ ತಿರುಳೇ ಇದು. ಕ್ಯಾಪ್ಸಿಕಂ ಬೀಜಕ್ಕೆ ಒಂದೊಂದಕ್ಕೂ ರೂಪಾಯಿಗಟ್ಲೆ ಕೊಡೋರಿಗೆ ಈ ವ್ಯತ್ಯಾಸ ಏನು ಅಂತ ಹೇಳ್ಬೇಕಾಗಿಲ್ಲ.

ಸರಿ, 90 ಅನ್ನೋದು ಎಲ್ಲಿಂದ ಬಂತು? ಪ್ಯಾಕೆಟ್ ಮೇಲೆ ಬರೆದಿರೋದು ಕನಿಷ್ಠ ಮೊಳಕೆ, ಟೊಮೇಟೊ ಬದನೆಗೆ ಬೀಜ ಸರ್ಟಿಫಿಕೇಷನ್ನಿನ ಕನಿಷ್ಠ 70%, ಮೆಣಸಿನಕಾಯಿಗೆ 60%. ಅದು ಇಷ್ಟಕ್ಕಿಂತ ಕೆಳಗೆ ಹೋಗಬಾರದು ಅನ್ನೋ ಗೆರೆ ಅಷ್ಟೇ, ಪಿ ಅಲ್ಲ. ಒದ್ದೆ ಬಟ್ಟೆಲಿ ನೂರು ಬೀಜ ಸುತ್ತಿಟ್ಟು ನೋಡಬಹುದು, ಆದ್ರೆ ಅದರಲ್ಲಿ 86 ಮೊಳಕೆ ಬಂತು ಅಂದ್ರೆ ನಿಜವಾದ ಪಿ 79ರಿಂದ 93ರ ಮಧ್ಯೆ ಎಲ್ಲಿ ಬೇಕಾದ್ರೂ ಇರಬಹುದು. ಲ್ಯಾಬಲ್ಲಿ ಅದಕ್ಕೇ 400 ಬೀಜ ತಗೊಳೋದು, ನೂರರ ನಾಲ್ಕು ಗುಂಪು ಮಾಡಿ. ಆ ನಾಲ್ಕು ಗುಂಪು ಒಂದಕ್ಕೊಂದು ತೀರಾ ದೂರ ಇದ್ರೆ, ಉದಾಹರಣೆಗೆ ಸರಾಸರಿ 90 ಇದ್ದು ಅತಿ ಹೆಚ್ಚು ಬಂದಿದ್ದಕ್ಕೂ ಅತಿ ಕಮ್ಮಿಗೂ 12ಕ್ಕಿಂತ ಜಾಸ್ತಿ ಅಂತರ ಬಂದ್ರೆ, ಆ ಟೆಸ್ಟನ್ನೇ ಒಪ್ಪಲ್ಲ, ಮತ್ತೆ ಮಾಡ್ಬೇಕು. ಈ 12 ಬರೋದೂ ಬೈನಾಮಿಯಲ್‌ನಿಂದಾನೇ. ನನಗೆ ತುಂಬ ಹಿಡಿಸಿದ್ದು ಇದು, ಯಾಕಂದ್ರೆ ಸರಾಸರಿ ಎಷ್ಟು ಅಂತ ಕೇಳೋಕೆ ಮುಂಚೆ ಅವರು ಎಷ್ಟು ಚದುರಿದೆ ಅಂತ ನೋಡ್ತಾರೆ.

ದುಬಾರಿ ಬೀಜ 400 ಬಟ್ಟೆಲಿ ಸುತ್ತಿ ಹಾಳು ಮಾಡೋಕಾಗಲ್ಲ, ಅದಕ್ಕೆ ನಾನು ಟ್ರೇನೇ ಎಣಿಸೋಕೆ ಶುರು ಮಾಡ್ದೆ. ಮಾರೋ ಹೊತ್ತಿಗೆ, ಅಂದ್ರೆ ಟೊಮೇಟೊಗೆ 25 ದಿನದ ಆಸುಪಾಸಲ್ಲಿ, ಗ್ಯಾಪ್ ತುಂಬೋಕೆ ಮುಂಚೆ ಹತ್ತು ಟ್ರೇ ಎತ್ಕೊಂಡು ನಿಂತಿರೋ ಸಸಿ ಎಷ್ಟು ಅಂತ ನೋಟ್‌ಬುಕ್ಕಲ್ಲಿ ಬರ್ಕೊಳ್ಳೋದು. ಬೇಸಿಗೆ ಬ್ಯಾಚ್ ಒಂದು ಹಿಂಗಿತ್ತು: 89, 91, 86, 88, 92, 87, 90, 85, 88, 84. ಸರಾಸರಿ 88, ಅಂದ್ರೆ 98ಕ್ಕೆ ಸುಮಾರು 90%, ಆ 90 ಬಂದಿದ್ದು ಇಲ್ಲಿಂದಾನೇ; ಡೀವಿಯೇಷನ್ 2.6. ಬೈನಾಮಿಯಲ್ ಹೇಳೋದು 3. ಸರಿಯಾಗೇ ಇದೆ, ಇಲ್ಲಿ 84 ಬಂದ ಟ್ರೇಗೂ 92 ಬಂದ ಟ್ರೇಗೂ ಏನೂ ವ್ಯತ್ಯಾಸ ಇಲ್ಲ, ಬರೀ ಅದೃಷ್ಟ, ಯಾರನ್ನೂ ಬೈಯೋ ಹಾಗಿಲ್ಲ.

ಮಳೆಗಾಲದ ಬ್ಯಾಚ್ ನೋಡಿ: 93, 90, 71, 92, 58, 91, 89, 94, 66, 90. ಸರಾಸರಿ 83.4. ಪರವಾಗಿಲ್ಲ, ಐದು ಸಸಿ ಕಮ್ಮಿ ಅಷ್ಟೇ ಅನ್ಸುತ್ತೆ ಅಲ್ವಾ. ಡೀವಿಯೇಷನ್ ಹಾಕಿ ನೋಡಿದ್ರೆ 13! ಬೈನಾಮಿಯಲ್ ಪ್ರಕಾರ 3.5 ಇರ್ಬೇಕು. ನಾನು ಕ್ಯಾಲ್ಕುಲೇಟರ್ ಹಿಡ್ಕೊಂಡು ಕೂತಿದ್ದಾಗ ಮಾವ ಬಂದು ನೋಟ್‌ಬುಕ್ ನೋಡಿದ್ರು.

"ಇದೇನವ್ವ ಇಂಗ್ ಬರ್ಕೊಂಡ್ ಕುಂತಿದೀಯ?"

"ಮಾವ, ಈ ಮೂರು ಟ್ರೇ ಮಾತ್ರ ಯಾಕೋ ಬೇರೆ ಥರ ಇದೆ, ಇಷ್ಟು ಕಮ್ಮಿ ಅದೃಷ್ಟದ ಮೇಲೆ ಬರೋಕೆ ಸಾಧ್ಯ ಇಲ್ಲ."

"ಅದೃಷ್ಟ ಎಲ್ಲಿಂದ ಬತ್ತದೆ, ಆ ಮೂರು ಎಲ್ಲಿದ್ವು ನೋಡ್ದಾ? ನೆಟ್ ಜಾಯಿಂಟ್ ಕೆಳುಗ್ ಇದ್ವು, ರಾತ್ರಿಯೆಲ್ಲ ತೊಟ್ಟಿಕ್ತಾ ಇತ್ತು."

ಹೋಗಿ ನೋಡಿದ್ರೆ ಹೌದು, ಕೋಕೋಪೀಟ್ ಹಿಂಡಿದ್ರೆ ನೀರು ಸುರಿಯೋ ಹಂಗಿತ್ತು, ಸಸಿಗಳು ಬುಡ ಕೊಳೆತು ಮಕಾಡೆ ಬಿದ್ದಿದ್ವು, ಡ್ಯಾಂಪಿಂಗ್ ಆಫ್ ಅಂತಾರಲ್ಲ ಅದು. ಪಿಥಿಯಂ ಥರದ, ಶಿಲೀಂಧ್ರ ಹೋಲೋ ರೋಗಾಣುಗಳಿಂದ ಬರೋದು, ತೇವ ಜಾಸ್ತಿ ಆದ್ರೆ ಒಂದು ಸಸಿಯಿಂದ ಪಕ್ಕದ ಸಸಿಗೆ, ಅಲ್ಲಿಂದ ಅದರ ಪಕ್ಕಕ್ಕೆ ಹೋಗ್ತಾನೇ ಇರುತ್ತೆ. ಬೈನಾಮಿಯಲ್ ನಿಂತಿರೋದೇ ಒಂದು ಬೀಜದ ಹಣೆಬರಹಕ್ಕೂ ಪಕ್ಕದ ಬೀಜದ ಹಣೆಬರಹಕ್ಕೂ ಸಂಬಂಧ ಇಲ್ಲ ಅನ್ನೋ ಮಾತಿನ ಮೇಲೆ, ಪುಸ್ತಕದಲ್ಲಿ ಇಂಡಿಪೆಂಡೆಂಟ್ ಅಂತ ಒಂದು ಪದ ಬರೆದು ಮುಂದಕ್ಕೆ ಹೋಗ್ತಾರೆ, ನಾವೂ ಪರೀಕ್ಷೆಲಿ ಹಂಗೇ ಬರೆದು ಮಾರ್ಕ್ಸ್ ತಗೊಂಡ್ವಿ. ಆ ಒಂದು ಪದ ಸುಳ್ಳಾದ್ರೆ ಎಷ್ಟು ಹೊಡೆತ ಅಂತ ಲೆಕ್ಕ ಹಾಕಿ: ಸಾವಿರದ ಆರ್ಡರಿಗೆ 12 ಟ್ರೇ ಧಾರಾಳ ಅಂದಿದ್ನಲ್ಲ, ಮಳೆಗಾಲದ ನಂಬರ್ ಹಾಕಿದ್ರೆ 12 ಟ್ರೇಗೆ ಸರಾಸರಿ 1001, ಡೀವಿಯೇಷನ್ 45. ಅಂದ್ರೆ ಕಮ್ಮಿ ಬೀಳೋದು ಅರ್ಧಕ್ಕರ್ಧ. 13 ಟ್ರೇ ಹಾಕಿದ್ರೆ ನೂರಕ್ಕೆ ಸುಮಾರು ನಾಲ್ಕು ಸಲ ಕಮ್ಮಿ ಬೀಳುತ್ತೆ, 14 ಹಾಕಿದ್ರೆ ನೆಮ್ಮದಿ. ಈಗ ನಮ್ಮಲ್ಲಿ ಮಳೆಗಾಲಕ್ಕೆ 14, ಬೇಸಿಗೆಗೆ 12. ನೆಟ್ ಜಾಯಿಂಟ್ ಕೆಳಗೆ ಟ್ರೇ ಇಡೋದೂ ನಿಲ್ಸಿದೀವಿ ಅನ್ನಿ, ಆದ್ರೂ ತೇವ ಅನ್ನೋದು ಜಾಯಿಂಟ್ ಕೆಳಗೆ ಮಾತ್ರ ಇರಲ್ಲ.

ಅದಕ್ಕೇ ಯಾರಾದ್ರೂ ಈ ಲೆಕ್ಕ ಹೇಳ್ಕೊಡಿ ಅಂದ್ರೆ ನಾನು ಫಾರ್ಮುಲಾಗಿಂತ ಮೊದಲು ಹೇಳೋದು ಹತ್ತು ಟ್ರೇ ಎಣಿಸಿ, ಬೈನಾಮಿಯಲ್ ಹೇಳೋ ಡೀವಿಯೇಷನ್ನಿಗೂ ನಿಮ್ಮ ಡೀವಿಯೇಷನ್ನಿಗೂ ಹೊಂದುತ್ತಾ ನೋಡಿ ಅಂತ. ಹೊಂದಿದ್ರೆ ಎಕ್ಸೆಲ್ಲಲ್ಲಿ ಬೈನಾಮ್ ಡಿಸ್ಟ್ ಅನ್ನೋ ಫಂಕ್ಷನ್ ಇದೆ, ಫೋನಲ್ಲೂ ಸಿಗುತ್ತೆ, ಉಳಿದಿದ್ದು ಅದೇ ಮಾಡ್ಕೊಳುತ್ತೆ. ಹೊಂದಲಿಲ್ಲ ಅಂದ್ರೆ ಎಕ್ಸೆಲ್ ಬದಿಗಿಟ್ಟು ಟ್ರೇ ಎಲ್ಲಿತ್ತು, ಯಾರು ನೀರು ಹಾಕಿದ್ರು, ಯಾವ ಪ್ಯಾಕೆಟ್ ಬೀಜ ಅಂತ ಹುಡುಕ್ಬೇಕು.

ಗುಳಿಗೆ ಎರಡು ಬೀಜ ಹಾಕೋ ಪದ್ಧತಿನೂ ಇದೇ ಲೆಕ್ಕಕ್ಕೆ ಬರುತ್ತೆ. ಮನೇಲೇ ಎತ್ತಿಟ್ಟ ನಾಟಿ ಮೆಣಸಿನಕಾಯಿ ಬೀಜ, ಮೊಳಕೆ 70% ಅಂತಿಟ್ಕೊಳಿ, ಎರಡೂ ಹೋಗೋ ಚಾನ್ಸು 0.3 ಇಂಟು 0.3, ಅಂದ್ರೆ 9%, ಹಂಗಾಗಿ 91% ಗುಳಿ ತುಂಬುತ್ತೆ. ಲಾಭನೇ. ಆದ್ರೆ ಬೀಜ ಹೋಗೋದು ಗುಳಿ ನೀರು ಕಟ್ಕೊಂಡಿರೋದಕ್ಕೆ ಅಂತಾದ್ರೆ ಎರಡೂ ಜೊತೇಲೇ ಹೋಗುತ್ತೆ, ಆವಾಗ ಎರಡನೇ ಬೀಜದಿಂದ ಏನೂ ಸಿಗಲ್ಲ. ಮತ್ತೆ ಎರಡೂ ಬಂದ ಗುಳಿಲಿ ಒಂದು ಕೀಳೋಕೆ ಆಳು ಬೇಕು.

ಕಬ್ಬಿನ ಸಸಿದು ಇನ್ನೊಂದು ಥರ. ಒಂಟಿ ಕಣ್ಣು (ಗೆಣ್ಣಲ್ಲಿರೋ ಮೊಗ್ಗು) ಕತ್ತರಿಸಿ 50 ಗುಳಿ ಟ್ರೇಗೆ ಹಾಕ್ತೀವಿ, ಮೊಳಕೆ 80% ಅಂದ್ರೆ ಟ್ರೇಗೆ 40, ಡೀವಿಯೇಷನ್ 3ರ ಹತ್ರ. ಆದ್ರೆ ಕಬ್ಬಿನ ಮೇಲ್ಗಡೆ ಎಳೇ ಕಣ್ಣು ಚೆನ್ನಾಗಿ ಮೊಳೆಯುತ್ತೆ, ಬುಡದ ಕಡೆ ಕಣ್ಣು ಅಷ್ಟಿಲ್ಲ, ಅಂದ್ರೆ ಪಿ ಅನ್ನೋದೇ ಎಲ್ಲಕ್ಕೂ ಒಂದೇ ಅಲ್ಲ. ಕತ್ತರಿಸ್ತಾ ಕತ್ತರಿಸ್ತಾ ಹಂಗೇ ಸಾಲಾಗಿ ಟ್ರೇ ತುಂಬಿದ್ರೆ ಒಂದು ಟ್ರೇ ತುಂಬಿ ತುಳುಕುತ್ತೆ ಇನ್ನೊಂದು ಬೋಳು. ನಾವೀಗ ಕತ್ತರಿಸಿದ ಕಣ್ಣೆಲ್ಲ ಔಷಧಿ ನೀರಲ್ಲಿ ಅದ್ದಿದ ಮೇಲೆ ಒಂದೇ ಗುಡ್ಡೆ ಹಾಕಿ ಕಲಸಿ ಆಮೇಲೆ ತುಂಬ್ತೀವಿ, ಟ್ರೇ ಟ್ರೇ ಮಧ್ಯೆ ವ್ಯತ್ಯಾಸ ಕಮ್ಮಿ ಆಗುತ್ತೆ, ಒಟ್ಟು ಸಸಿ ಏನೂ ಜಾಸ್ತಿ ಆಗಲ್ಲ, ಅಳತೆಗೆ ಮಾತ್ರ ಅನುಕೂಲ.

ನಾರ್ಮಲ್ ಡಿಸ್ಟ್ರಿಬ್ಯೂಷನ್, ಅಂದ್ರೆ ಮಧ್ಯೆ ಎತ್ತರ ಎರಡೂ ಕಡೆ ಇಳಿಜಾರು ಇರೋ ಗಂಟೆ ಆಕಾರದ ಹಂಚಿಕೆ, ಅದರ ಬಗ್ಗೆ ಜಾಸ್ತಿ ಬರೆಯಲ್ಲ. ಮೇಲೆ ಎರಡು ಡೀವಿಯೇಷನ್ ಕಳೆದೆ ಅಂದ್ನಲ್ಲ, ಅದು ನಾರ್ಮಲ್ಲೇ, ಎನ್ ದೊಡ್ಡದಾದ್ರೆ ಬೈನಾಮಿಯಲ್ಲು ಗಂಟೆ ಆಕಾರಕ್ಕೆ ಬರುತ್ತೆ ಅಂತ 1733ರಲ್ಲೇ ಡಿ ಮೂವರ್ ತೋರ್ಸಿದ್ರು. ಸಸಿ ಎತ್ತರಕ್ಕೂ ಬಳಸೋಣ ಅಂತ ಅಳೆದು ನೋಡ್ದೆ, ಅಂಚಿನ ಸಾಲು ಬೇಗ ಒಣಗಿ ಗಿಡ್ಡ, ಮಧ್ಯದ್ದು ಉದ್ದ, ಎರಡು ಗುಡ್ಡ ಬಂತು, ಗಂಟೆ ಬರಲಿಲ್ಲ.

ಇನ್ನು ಪಾಯ್ಸಾನ್. ಆರ್ಡರ್ ಕೊಡದೆ ಸೀದಾ ಬಂದು ಸಸಿ ಕೇಳೋರು ದಿನಕ್ಕೆ ಎಷ್ಟು ಜನ ಅನ್ನೋದಕ್ಕೆ ಇದು. ಸಿಮಿಯೋನ್ ಪಾಯ್ಸಾನ್ 1837ರಲ್ಲಿ ಬರೆದಿದ್ದು, ಆದ್ರೆ ಎಲ್ಲರಿಗೂ ನೆನಪಿರೋದು 1898ರಲ್ಲಿ ಬೋರ್ಟ್‌ಕೇವಿಚ್ ಪ್ರಷ್ಯಾ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಮೇಲೆ ಹಾಕಿದ ಲೆಕ್ಕ. 10 ದಳ, 20 ವರ್ಷ, ಒಂದು ದಳದ ಒಂದು ವರ್ಷಕ್ಕೆ ಒಂದು ಸಾಲು ಅಂತ ಒಟ್ಟು 200 ಸಾಲು, ಸತ್ತವರು 122, ಅಂದ್ರೆ ಸಾಲಿಗೆ 0.61. ಒಬ್ರೂ ಸಾಯದೇ ಇರೋ ಸಾಲು ಪಾಯ್ಸಾನ್ ಪ್ರಕಾರ 108.7, ನಿಜವಾಗಿ ಇದ್ದಿದ್ದು 109. ಒಬ್ಬರು ಸತ್ತ ಸಾಲು 66.3 ಬರಬೇಕು, ಬಂದಿದ್ದು 65. ಕ್ಲಾಸಲ್ಲಿ ಇದನ್ನ ನೋಡಿದಾಗ ಮೈ ಜುಮ್ ಅಂದಿತ್ತು ನನಗೆ, ಈಗ್ಲೂ ಅನ್ಸುತ್ತೆ.

ನಮ್ಮಲ್ಲಿ ಸಾಮಾನ್ಯ ದಿನಗಳಲ್ಲಿ ಸರಾಸರಿ ನಾಲ್ಕು ಜನ ಬರ್ತಾರೆ. ಪಾಯ್ಸಾನ್ ಹಾಕಿದ್ರೆ ಒಬ್ರೂ ಬಾರದ ದಿನ ನೂರಕ್ಕೆ ಎರಡು, ಎಂಟು ಅಥವಾ ಅದಕ್ಕಿಂತ ಜಾಸ್ತಿ ಜನ ಬರೋ ದಿನ ನೂರಕ್ಕೆ ಐದು. ಟ್ರೇ ಎತ್ತಿ ಗಾಡಿಗೆ ಹಾಕೋಕೆ ಎಷ್ಟು ಆಳು ನಿಲ್ಲಿಸ್ಕೋಬೇಕು ಅನ್ನೋದಕ್ಕೆ ಸಾಕು ಇಷ್ಟು. ಪಾಯ್ಸಾನ್ ಹೌದೋ ಅಲ್ವೋ ನೋಡೋಕೆ ಸುಲಭದ ದಾರಿ, ಸರಾಸರಿನೂ ವೇರಿಯನ್ಸೂ, ಅಂದ್ರೆ ಡೀವಿಯೇಷನ್ನಿನ ವರ್ಗ, ಎರಡೂ ಹತ್ರ ಹತ್ರ ಇರ್ಬೇಕು. ಬೇಸಿಗೆ ತಿಂಗಳಲ್ಲಿ ಇರುತ್ತೆ. ಕೆಆರ್‌ಎಸ್‌ನಿಂದ ನಾಲೆಗೆ ನೀರು ಬಿಡ್ತಾರೆ ಅಂತ ಸುದ್ದಿ ಬಂದ ವಾರ ಇರಲ್ಲ. ಒಬ್ಬರು ಬಂದ್ರು ಅಂದ್ರೆ ಅದೇ ಊರಿಂದ ಅವರ ಹಿಂದೆ ಇನ್ನೂ ಮೂರು ಬೈಕು, ಎಲ್ಲರಿಗೂ ಕಬ್ಬಿನ ಸಸಿ ಈಗ್ಲೇ ಬೇಕು, ಸಾಲಿಗೆ ಸಾಲು 5 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ ಇಟ್ರೆ ಎಕರೆಗೆ 4356 ಸಸಿ, ಅಂದ್ರೆ 80% ಲೆಕ್ಕದಲ್ಲಿ ಒಬ್ಬೊಬ್ಬರಿಗೂ ನೂರಾಹತ್ತು ಟ್ರೇ. ನೆಟ್ ಕೆಳಗೆ ಬಿದ್ದ ಸಸಿ ಥರಾನೇ ಇದು, ಒಬ್ಬರಿಂದ ಒಬ್ಬರಿಗೆ ಹಬ್ಬೋದು. ಆ ವಾರದ್ದನ್ನ ನೋಟ್‌ಬುಕ್ಕಲ್ಲಿ ಬೇರೆ ಪುಟದಲ್ಲಿ ಬರೀತೀನಿ, ಉಳಿದ ದಿನಗಳ ಜೊತೆ ಕಲಸಲ್ಲ, ಕಬ್ಬಿಗೆ ಅಡ್ವಾನ್ಸ್ ಇಲ್ಲದೆ ಸಸಿ ಎತ್ತಿಡೋದೂ ಇಲ್ಲ.